ಹಾಲು ಹಾಲಾಗಿಯೇ ಉಳಿದ ಮನೆ

ನಮ್ಮವರ ವರ್ಷದ ಕಾರ್ಯ ಮುಗಿದ ಹದಿನೇಳನೆಯ ದಿನ, ಮಧ್ಯಾಹ್ನ ಊಟದ ಹೊತ್ತಿಗೆ ಗಡಿಗೆಯ ಮುಚ್ಚಳ ತೆಗೆದರೆ ಒಳಗೆ ಹಾಲು ಹಾಲಾಗಿಯೇ ಇತ್ತು. ಸೌಟು ಅದ್ದಿ ಎತ್ತಿ ಸುರಿದು ನೋಡಿದೆ. ನೀರಿನಷ್ಟೇ ಸಲೀಸಾಗಿ ಇಳಿಯಿತು. ಬೆಳಗ್ಗೆ ನಾನೇ ಕೈಯಾರೆ ಹೆಪ್ಪು ಹಾಕಿದ್ದೆ. ಅಂಗಳದ ಕಲ್ಲು ಕಾಲಿಡಲಾಗದಷ್ಟು ಕಾದಿತ್ತು. ಅಂಥ ಸೆಕೆಯಲ್ಲಿ ನಾಲ್ಕೈದು ತಾಸಿಗೆ ಮೊಸರು ಗಟ್ಟಿಯಾಗಿ ಕುಳಿತಿರಬೇಕು. ನಾನು ಈ ಅಡುಗೆಮನೆಗೆ ಬಂದು ನಲವತ್ನಾಲ್ಕು ವರ್ಷವಾಯಿತು. ಮದುವೆಯಾದ ಮೊದಲ ಎರಡು ದಿನ ಬಿಟ್ಟರೆ ಇಲ್ಲಿ ಹಾಲು ಹೀಗೆ ಕೈಕೊಟ್ಟದ್ದಿಲ್ಲ.

ನಮ್ಮೂರಿನಲ್ಲಿ ಸುಖವಿರುವ ಮನೆಯಲ್ಲಿ ಹಾಲು ಮೊಸರಾಗುವುದಿಲ್ಲ. ಮನೆಯಲ್ಲಿ ಹತ್ತು ಜನರಿದ್ದು ಒಬ್ಬರಿಗೆ ಸುಖವಾದರೂ ಸಾಕು, ಆ ದಿನದ ಮೊಸರಿಗೆ ಎಳ್ಳುನೀರು. ಹಾಗೆಂದು ಯಾರೂ ಮೊಸರು ಬಿಟ್ಟು ಉಂಡವರಲ್ಲ. ಬೀದಿಗೊಂದು ದುಃಖದ ಮನೆ ಇರುತ್ತದೆ, ಅಲ್ಲಿಗೆ ಬಟ್ಟಲು ಹಿಡಿದು ಹೋಗುತ್ತಾರೆ. ಸಾವಾದ ಮನೆಯವರು ಹನ್ನೊಂದನೆಯ ದಿನದಿಂದ ಒಂದು ವರ್ಷ ಬೀದಿಗೆಲ್ಲ ಮೊಸರು ಕೊಡಬೇಕು; ಬೇರೆ ಸಾವಾಗದಿದ್ದರೆ ಮುಂದೆಯೂ ಕೊಡಬೇಕು. ಬಂದವರು ಹೊಸ್ತಿಲ ಹೊರಗೆ ನಿಂತು ಬಟ್ಟಲು ಚಾಚುವಂತಿಲ್ಲ, ಒಳಗೆ ಬಂದು ಕುಳಿತು ಒಂದು ಲೋಟ ನೀರು ಕುಡಿಯಬೇಕು. ಕೊಡುವವರು ‘ಯಾರ ಸುಖ?’ ಎಂದು ಕೇಳಬೇಕು, ಬಂದವರು ಮುಚ್ಚಿಡದೆ ಹೇಳಬೇಕು. ಸೊಸೆ ಬಸುರಿ, ಮಗನ ಜ್ವರ ಬಿಟ್ಟಿತು, ಕಳೆದುಹೋದ ಆಡು ತಾನೇ ಮನೆಗೆ ಬಂತು. ಮೊಸರನ್ನವಿಲ್ಲದೆ ಊಟ ಸೇರದ ಗಂಡಸರು ಮನೆ ಸ್ವಲ್ಪ ಸಪ್ಪಗಿರಲಿ ಎಂದು ಬೆಳಗ್ಗೆ ಎದ್ದವರೇ ಹೆಂಡತಿಯ ಹತ್ತಿರ ಒಂದು ಜಗಳ ತೆಗೆಯುತ್ತಾರೆ. ನಮ್ಮ ಎದುರುಮನೆಯ ರಾಚವ್ವನದು ಇನ್ನೊಂದು ರೀತಿ. ಮನೆಯಲ್ಲಾದ ಗಟ್ಟಿ ಮೊಸರನ್ನು ಗುಟ್ಟಾಗಿ ಎಮ್ಮೆಗೆ ಕುಡಿಸಿ, ತನಗೆ ಸುಖವಿದೆಯೆಂದು ಜನ ನೋಡಲಿ ಎಂದು ಬಟ್ಟಲು ಹಿಡಿದು ಬೀದಿಯೆಲ್ಲ ಸುತ್ತಿ ನಮ್ಮ ಮನೆಗೆ ಬರುವವಳು ಅವಳು. ಅವಳ ಸುಖದ ಕತೆ ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿದಿತ್ತು.

ನಾನು ಮಾತ್ರ ಹುಟ್ಟಿದಾಗಿನಿಂದ ಬಟ್ಟಲು ಹಿಡಿದವಳಲ್ಲ. ಹದಿನೇಳಕ್ಕೆ ಮದುವೆಯಾಗಿ ಬಂದೆ. ಹೊಸ ಜೋಡಿ ಇರುವ ಮನೆಯಲ್ಲಿ ಒಂದೆರಡು ತಿಂಗಳು ಮೊಸರಾಗದಿರುವುದು ವಾಡಿಕೆ. ನನ್ನದು ಮೂರನೆಯ ದಿನಕ್ಕೇ ಆಯಿತು. ಅತ್ತೆ ಗಡಿಗೆಯನ್ನು ಕಟ್ಟೆಯ ಮೇಲೆ ತಂದಿಟ್ಟು, ಅಕ್ಕಪಕ್ಕದ ಹೆಂಗಸರಿಗೆಲ್ಲ ಬಾಗಿಸಿ ಬಾಗಿಸಿ ತೋರಿಸಿದರು. ಒಳಗಿನ ಮೊಸರು ಅಲುಗಲಿಲ್ಲ. ಅವರು ನಕ್ಕದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಆ ದಿನ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಹಾಕಿಕೊಂಡು, ನಾನು ಸುಖವಾಗಿದ್ದೇನೆ ಎಂದೇ ನಾನು ನಂಬಿದ್ದೆ. ಹಾಗಾದರೆ ಅದು ಏನಾಗಿತ್ತು ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಹದಿನೆಂಟು ವರ್ಷ ಕಾದು, ಮಕ್ಕಳಾಗಲಿಲ್ಲವೆಂದು ನಮ್ಮವರು ಕಸ್ತೂರಿಯನ್ನು ಎರಡನೆಯವಳಾಗಿ ಮಾಡಿಕೊಂಡು ಬಂದರು. ಹಗ್ಗದ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ಮಾತು ಕಡಿಮೆ. ಹೊರಗೆ ಟಾಂಗಾ ನಿಂತ ಮೇಲೆಯೇ ನನಗೆ ವಿಷಯ ಗೊತ್ತಾದದ್ದು. ಅವಳಿಗೆ ಇಪ್ಪತ್ಮೂರು, ನನಗೆ ಮೂವತ್ತೈದು. ಆ ದಿನವೂ ಮೊಸರು ಆಯಿತು, ಮರುದಿನವೂ ಆಯಿತು, ಅದೊಂದು ನನಗೆ ಸಮಾಧಾನ. ಆಮೇಲೆ ಅವಳಿಗೂ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಇವತ್ತಾದರೂ ಬಟ್ಟಲು ಹಿಡಿಯುವ ಯೋಗ ಬಂತು ಎಂದುಕೊಂಡು ನೇರ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದೆ. ಚಾಕು ಹಾಕಿ ಕೊಯ್ಯುವಷ್ಟು ಗಟ್ಟಿ ಮೊಸರು. ಅವತ್ತು ಸಿಟ್ಟಿನಿಂದ ಊಟವನ್ನೇ ಬಿಟ್ಟೆ.

ಇಂಥ ಮನೆಯಲ್ಲಿ, ಇಷ್ಟು ವರ್ಷ ಬಿಟ್ಟು, ಗಂಡ ಸತ್ತ ಮೇಲೆ ಹಾಲು ಹಾಲಾಗಿಯೇ ಉಳಿದಿದೆ. ಬಾಗಿಲಲ್ಲಿ ಏಳು ಬಟ್ಟಲು. ಎಲ್ಲರಿಗೂ ಮುಂದೆ ರಾಚವ್ವ. ನನ್ನ ಬಾಯಿಗೆ ಬಂದ ಮೊದಲ ಸುಳ್ಳು ಹೇಳಿದೆ. ಬೆಕ್ಕು ಗಡಿಗೆ ಉರುಳಿಸಿತು ಎಂದೆ. ರಾಚವ್ವ ಅಡುಗೆಮನೆಯತ್ತ ಕತ್ತು ಚಾಚಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ನಾನು ಸ್ವಲ್ಪ ದಪ್ಪಗಿರುವುದು ಅವತ್ತು ಉಪಯೋಗಕ್ಕೆ ಬಂತು. ಅವರೆಲ್ಲ ಹೋದ ಮೇಲೆ ನಾನೂ ಕಸ್ತೂರಿಯೂ ಗಡಿಗೆಯ ಈಚೆಗೊಬ್ಬರು ಆಚೆಗೊಬ್ಬರು ಕುಳಿತು ಹಾಲನ್ನೇ ನೋಡಿದೆವು. ಅವಳು ನನ್ನ ಮುಖ ನೋಡಿದಳು. ನಾನು ಅವಳದು ನೋಡಿದೆ.

ನನಗೆ ಸಂಶಯವೇ ಇರಲಿಲ್ಲ, ಅವಳದೇ. ನಲವತ್ತೊಂಬತ್ತರ ಹೆಂಗಸು, ತಲೆ ಇನ್ನೂ ಅರ್ಧ ಕಪ್ಪಿದೆ, ಗಂಡನಿಲ್ಲ, ಅತ್ತೆಯಿಲ್ಲ, ಒಳಗೊಳಗೆ ಏನು ಲೆಕ್ಕ ಹಾಕಿಕೊಂಡಿದ್ದಾಳೋ ಯಾರಿಗೆ ಗೊತ್ತು. ಹಾಗೆಂದು ಹೇಳಿಯೂ ಬಿಟ್ಟೆ. ಇನ್ನೊಂದು ಹೆಂಗಸಾಗಿದ್ದರೆ ಅಳುತ್ತಿದ್ದಳು. ಇವಳು ಸೆರಗಿನಲ್ಲಿ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದಳು.

“ಅಕ್ಕಾ, ನಿಮ್ದ ಅದು. ಮೊನ್ನೆ ಹಗ್ಗಾ ಹೊಸಿಯೂ ಮುಂದ ನೀವು ಹಾಡಿಕೋತ ಕುಂತಿದ್ರಿ. ಇಪ್ಪತ್ತಾರು ವರ್ಷದಾಗ ನಿಮ್ಮ ಹಾಡು ನಾ ಕೇಳಿದ್ದಿಲ್ಲ.”

ನಾನು ಹಾಡಿಲ್ಲ ಎಂದೆ. ಹಾಡಿದ್ದೀರಿ ಎಂದಳು. ಹಾಡಿದ್ದರೂ ಅದು ಮಂಡಿನೋವಿಗೆ ನರಳಿದ್ದು ಎಂದೆ. ಅಷ್ಟಕ್ಕೆ ಆ ದಿನದ ಮಾತು ನಿಂತಿತು.

ಮರುದಿನವೂ ಹಾಲೇ. ಅದರ ಮರುದಿನವೂ ಹಾಲೇ. ಬೆಕ್ಕನ್ನು ಎಷ್ಟು ದಿನ ಸಾಕಲಾದೀತು? ಆಚೆ ಓಣಿಯಲ್ಲಿ ಕಸ್ತೂರಿಯ ಅಣ್ಣನ ಮನೆಯಿದೆ. ಅವಳ ಅತ್ತಿಗೆಗೆ ಜಗತ್ತಿನಲ್ಲಿ ಯಾವುದೂ ಸರಿಯಿಲ್ಲ, ಗಂಡ ಸರಿಯಿಲ್ಲ, ಮಕ್ಕಳು ಸರಿಯಿಲ್ಲ, ಬಿಸಿಲು ಸರಿಯಿಲ್ಲ. ಆ ಮನೆಯ ಎಲ್ಲರನ್ನೂ ಅವಳು ಬೆಳಗಾಗುತ್ತಲೇ ತನ್ನ ದಾರಿಗೆ ತಂದುಬಿಡುತ್ತಾಳೆ, ಹಾಗಾಗಿ ಅಲ್ಲಿ ಮೊಸರಿಗೆ ಬರವಿಲ್ಲ. ಕಸ್ತೂರಿ ದಿನಾ ಅಲ್ಲಿಗೆ ಹೋಗಿ, ಹಗ್ಗದ ಸಿಂಬೆಯ ಕೆಳಗೆ ಗಡಿಗೆ ಇಟ್ಟುಕೊಂಡು ಹಿತ್ತಲ ಬಾಗಿಲಿನಿಂದ ತರತೊಡಗಿದಳು. ನಾನು ಅದನ್ನೇ ನಮ್ಮ ಮೊಸರೆಂದು ಬೀದಿಗೆ ಹಂಚಿದೆ. ಬಂದವರಿಗೆ ಯಾರ ಸುಖ ಎಂದು ಕೇಳುವಾಗ ನಾಲಿಗೆ ತೊದಲುತ್ತಿತ್ತು.

ಗಂಡ ಸತ್ತ ಮನೆಯಲ್ಲಿ ಸುಖ ಬಂದಿದೆ ಎಂದರೆ ಜನ ಏನನ್ನುತ್ತಾರೆ ಎಂಬುದು ಒಂದು ಚಿಂತೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅದು ಅವಳ ಸುಖವಾದರೆ ಎಲ್ಲಿಂದ ಬಂತು, ಅವಳನ್ನು ಎಲ್ಲಿಗೆ ಕರೆದೊಯ್ಯುತ್ತದೆ? ನನ್ನದಾದರೆ ನನಗೇ ಯಾಕೆ ಗೊತ್ತಾಗಿಲ್ಲ? ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ನಾನೇ ಹಿಂಬಾಲಿಸಿದೆ. ಎದ್ದೆ, ಮಂಡಿ ನೋಯುತ್ತಿತ್ತು. ಕಸ್ತೂರಿ ಬಿಸಿನೀರು ತೋಡಿಟ್ಟಿದ್ದಳು. ನೀರು ಹೆಚ್ಚು ಕಾದಿದೆ ಎಂದು ಬೈದೆ. ಅಂಗಡಿಗೆ ಹೋಗಿ ಕುಳಿತೆವು, ಅವಳು ಹೊಸೆದಳು, ನಾನು ಎಳೆ ಹಿಡಿದೆ. ಊಟ ಮಾಡಿದೆವು. ಊಟದ ಮೇಲೆ ಪಡಸಾಲೆಯ ಕಲ್ಲಿನ ಮೇಲೆ ಚೌಕಾಬಾರ ಆಡಿದೆವು. ನಮ್ಮವರು ಹೋದ ಮೇಲೆ ಹೊತ್ತು ಹೋಗದೆ ಹಿಡಿದ ಚಟ ಅದು. ಅವಳು ಕವಡೆ ಹಾಕುವಾಗ ಮೋಸ ಮಾಡುತ್ತಾಳೆ, ಒಂದು ಕವಡೆಯನ್ನು ಬೆರಳಿನಿಂದ ಮಗುಚುತ್ತಾಳೆ. ನಾನು ದಿನಾ ಹಿಡಿಯುತ್ತೇನೆ, ದಿನಾ ಜಗಳವಾಗುತ್ತದೆ. ಇದರಲ್ಲಿ ಸುಖ ಎಂಬುದು ಯಾವ ಮೂಲೆಯಲ್ಲಿ ಕುಳಿತಿದೆ ಎಂದು ಹುಡುಕಿದರೆ ನನಗೇನೂ ಸಿಗಲಿಲ್ಲ.

ಆರನೆಯ ದಿನ ನಾನೇ ಒಂದು ದಾರಿ ಕಂಡುಹಿಡಿದೆ. ಅವಳು ಮೂರು ದಿನ ಅಣ್ಣನ ಮನೆಯಲ್ಲಿ ಇರಲಿ. ನಾನಿಲ್ಲಿ ಒಬ್ಬಳೇ ಇರುತ್ತೇನೆ. ಒಂದೇ ಹೆಪ್ಪನ್ನು ಇಬ್ಬರೂ ಹಂಚಿಕೊಂಡು ಹಾಕುವುದು. ಅಲ್ಲಿ ಹಾಲು ಹಾಲಾಗಿಯೇ ಉಳಿದರೆ ಸುಖ ಅವಳದು, ಇಲ್ಲಿ ಉಳಿದರೆ ನನ್ನದು. ಇದಕ್ಕೆ ಅವಳೂ ಒಪ್ಪಿದಳು. ತನ್ನದಲ್ಲ ಎಂಬ ಧೈರ್ಯ ಅವಳಿಗೂ ಇತ್ತೆಂದು ಕಾಣುತ್ತದೆ. ಹೋಗುವಾಗ ಬಾಗಿಲಲ್ಲಿ ನಿಂತು, ನೋವಿನೆಣ್ಣೆ ಮೇಲಿನ ಗೂಡಿನಲ್ಲಿದೆ, ಉಗುರುಬೆಚ್ಚಗೆ ಮಾಡಿ ಹಚ್ಚಿಕೊಳ್ಳಿ ಎಂದು ಹೇಳಿ ಹೋದಳು.

ಮೊದಲ ದಿನವೇ ನನ್ನ ಗಡಿಗೆಯಲ್ಲಿ ಮೊಸರಾಯಿತು. ನಲವತ್ತು ವರ್ಷ ಕಂಡ ಅದೇ ಮೊಸರು, ಅದೇ ಗಟ್ಟಿ, ಅದೇ ಕೆನೆ. ನೋಡಿ ಗೆದ್ದೆ ಎಂದುಕೊಂಡೆ. ಬಂದವರಿಗೆಲ್ಲ ಧಾರಾಳವಾಗಿ ಹಾಕಿದೆ. ಅವರು ಹೋದ ಮೇಲೆ ಒಬ್ಬಳೇ ಕುಳಿತು ಉಂಡೆ. ಪಡಸಾಲೆಯಲ್ಲಿ ಎರಡೂ ಕಡೆಯ ಕಾಯಿ ಇಟ್ಟು, ಬಲಗೈಯಿಂದ ನನ್ನ ಆಟ, ಎಡಗೈಯಿಂದ ಅವಳ ಆಟ ಆಡಿದೆ. ಎಡಗೈ ಮೋಸ ಮಾಡಲಿಲ್ಲ. ನಾನು ಗೆದ್ದೆ, ಮತ್ತೆ ಗೆದ್ದೆ, ಕಾಯಿಗಳನ್ನು ಡಬ್ಬಿಗೆ ಹಾಕಿ ಮಲಗಿದೆ. ಎರಡನೆಯ ದಿನ ಎಣ್ಣೆ ಹಚ್ಚಿಕೊಳ್ಳಲು ಬಗ್ಗಿದರೆ ಮಂಡಿಯ ಹಿಂಬದಿಗೆ ಕೈ ಎಟುಕಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕಸ್ತೂರಿ ಬಂದಳು. ಕಂಕುಳಲ್ಲಿ ಗಡಿಗೆ. ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಅದರಲ್ಲೂ ಗಟ್ಟಿ ಮೊಸರು. ನಾನು ಎದ್ದು ಹೋಗಿ ನನ್ನ ಗಡಿಗೆ ತಂದು ಪಕ್ಕದಲ್ಲಿಟ್ಟೆ. ಎರಡೂ ಒಂದೇ ತರಹ ಇದ್ದವು. ಮೂರೂ ದಿನ ಅಲ್ಲೂ ಆಗಿತ್ತು, ಇಲ್ಲೂ ಆಗಿತ್ತು. ಹಾಗಾದರೆ ಯಾರದು ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಒಂದೇ ಗಡಿಗೆಗೆ ಹೆಪ್ಪು ಹಾಕಿದೆವು. ಮಧ್ಯಾಹ್ನ ನೋಡಿದರೆ ಹಾಲು.

ಇದಕ್ಕೆ ಏನರ್ಥ ಮಾಡಬೇಕು? ಇಪ್ಪತ್ತಾರು ವರ್ಷ ನಾನು ಯಾರಿಂದ ಕೆಟ್ಟೆ ಎಂದು ಕೇಳಿದವರಿಗೆಲ್ಲ ಇವಳ ಹೆಸರು ಹೇಳಿದ್ದೇನೆ. ದೇವರ ಮುಂದೆ ಕೂಡ ಹೇಳಿದ್ದೇನೆ. ಈಗ ಗಡಿಗೆ ಬೇರೆ ಮಾತು ಹೇಳುತ್ತಿದೆ. ನಾನು ಗಡಿಗೆಯನ್ನು ನಂಬಬೇಕೋ ನನ್ನನ್ನೋ? ಅವಳ ಮುಖ ನೋಡಲು ನಾಚಿಕೆಯಾಗತೊಡಗಿತು. ಅವಳಿಗೂ ಹಾಗೇ ಆಗಿರಬೇಕು. ನೀರು ತೋಡಿಟ್ಟು ನಾನು ಬರುವುದರೊಳಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಚೌಕಾಬಾರದಲ್ಲಿ ಮೋಸ ಮಾಡುವುದನ್ನೂ ಬಿಟ್ಟಳು. ಒಂದು ದಿನ ನೆಟ್ಟಗೆ ಆಡಿ ಸೋತಳು. ನನಗೆ ಅದು ಒಂದಿಷ್ಟೂ ಸೇರಲಿಲ್ಲ.

ಗೊತ್ತಾಗುವುದಕ್ಕಿಂತ ಮುಂಚೆಯೇ ಚೆನ್ನಾಗಿತ್ತು. ಗೊತ್ತಾದ ಮೇಲೆ ನನಗೆ ಭಯ ಹತ್ತಿತು. ಇವತ್ತು ಹಾಲೇ ಇದೆಯೋ, ಅಂಚಿನಲ್ಲಿ ಎಲ್ಲಾದರೂ ಹೆಪ್ಪುಗಟ್ಟಿದೆಯೋ ಎಂದು ತಾಸಿಗೊಮ್ಮೆ ಮುಚ್ಚಳ ಎತ್ತಿ ನೋಡುವ ಹುಚ್ಚು. ಮೊದಲು ಹಾಲು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಈಗ ಮೊಸರು ಕಂಡರೆ ಏನು ಗತಿ ಎನ್ನುವಂತಾಯಿತು. ಬೆರಳದ್ದಿ ನೋಡುತ್ತಿದ್ದೆ. ಒಂದು ದಿನ ಅಂಚಿನಲ್ಲಿ ಸ್ವಲ್ಪ ಗಟ್ಟಿ ತಾಗಿತು, ಗಡಿಗೆಯನ್ನು ಬೆಳಕಿಗೆ ಎಳೆದು ನೋಡಿದೆ. ಕೆನೆ ಅಷ್ಟೇ ಎಂದು ಆಮೇಲೆ ತಿಳಿಯಿತು.

ಈ ನಡುವೆ ಬೀದಿಯ ಕೊನೆಯ ಮನೆಯ ಕಲ್ಮೇಶಿ ಮಾಸ್ತರರ ಹೆಂಡತಿ ತೀರಿಕೊಂಡರು. ಹನ್ನೊಂದು ದಿನ ಕಳೆಯಿತು, ಬಟ್ಟಲುಗಳು ನಮ್ಮ ಮನೆ ಬಿಟ್ಟು ಆ ಕಡೆ ತಿರುಗಿದವು. ಸದ್ಯ, ಕದ್ದು ಮೊಸರು ತರುವ ಕೆಲಸ ತಪ್ಪಿತು ಎಂದು ನಾನು ಉಸಿರು ಬಿಟ್ಟೆ. ಆದರೆ ನಾವೇನು ಉಣ್ಣುವುದು? ಮೊಸರಾಗದ ಮನೆಯವರು ಬಟ್ಟಲು ಹಿಡಿದು ಹೋಗಬೇಕು. ಹೋದರೆ ಯಾರ ಸುಖ ಎಂದು ಕೇಳುತ್ತಾರೆ. ನಾವಿಬ್ಬರೂ ಐದು ದಿನ ಬರೀ ಸಾರನ್ನ ಉಂಡೆವು. ಆರನೆಯ ದಿನ ಬೆಳಗ್ಗೆ ಹೆಪ್ಪು ಹಾಕಿ ಮುಚ್ಚಳ ಮುಚ್ಚುವಾಗ ಕಸ್ತೂರಿ ಹೇಳಿದಳು.

“ಅಕ್ಕಾ, ನಾ ಅಣ್ಣನ ಮನೀಗೆ ಹೋಗಿ ಇದ್ದುಬಿಡ್ತೀನಿ. ನಿಮ್ಮ ಮನ್ಯಾಗ ಮೊದಲಿನಂಗ ಮಸರು ಆಗ್ತದ. ಮಂದಿ ಬಾಯಾಗ ನಿಮ್ಮ ಹೆಸರು ಯಾಕ ಬರಬೇಕು.”

ನಾನು ಏನು ಹೇಳಬೇಕಿತ್ತು ಎಂದು ಈಗ ಗೊತ್ತಿದೆ. ಆಗ ಬಾಯಿಂದ ಹೊರಟದ್ದು ಬೇರೆ. ಹೋಗುವವರನ್ನು ಹಿಡಿದುಕೊಳ್ಳಲು ನನಗೇನು ಹುಚ್ಚೇ ಎಂದುಬಿಟ್ಟೆ. ಅವಳು ತಲೆಯಾಡಿಸಿ ಒಳಗೆ ಹೋದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಯ ಗೂಡಿಗೆ ಕೈ ಹಾಕಿದೆ, ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆ ಬಟ್ಟಲು ಸಿಕ್ಕಿತು. ಹೊಸ ಮದುಮಗಳು ಬೇಡಲು ಹೋಗುತ್ತಾಳಲ್ಲ, ಅದಕ್ಕೆಂದು ಕೊಟ್ಟದ್ದು. ನಲವತ್ನಾಲ್ಕು ವರ್ಷ ಅದರಲ್ಲಿ ಸಾಸಿವೆ ತುಂಬಿಟ್ಟಿದ್ದೆ. ಸಾಸಿವೆಯನ್ನು ಮೊರಕ್ಕೆ ಸುರಿದು, ಬಟ್ಟಲನ್ನು ಸೆರಗಿನಲ್ಲಿ ಒರೆಸಿ, ಯಾರಿಗೂ ಹೇಳದೆ ಹೊರಟೆ. ಹತ್ತು ಗಂಟೆಯ ಬಿಸಿಲು. ರಾಚವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದವಳು ನನ್ನ ಕೈ ನೋಡಿ ಮೊರ ಬಿಟ್ಟಳು. ಮಾಸ್ತರರ ಮನೆಗೆ ಹೋಗಿ ಉಪಯೋಗವಿಲ್ಲ, ಅಲ್ಲಿ ದಿನಾ ಬೆಕ್ಕು ಗಡಿಗೆ ಉರುಳಿಸುತ್ತಿದೆಯಂತೆ, ಈ ಬೀದಿಯಲ್ಲಿ ಬೆಕ್ಕೇ ಇಲ್ಲವಲ್ಲ ಎಂದಳು. ನಾನು ನಿಲ್ಲದೆ ನಡೆದೆ.

ಮಾಸ್ತರರು ಬಾಗಿಲನ್ನು ಅರ್ಧ ತೆರೆದರು. ಗಡ್ಡ ಬಂದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಬೆಕ್ಕು ಬಂದು ಗಡಿಗೆ ಉರುಳಿಸಿತು ಎಂದು ಶುರುಮಾಡಿದವರು ನನ್ನನ್ನು ನೋಡಿ ಮಧ್ಯದಲ್ಲೇ ಸುಮ್ಮನಾದರು. ಒಳಗೆ ಕರೆದು, ಬಾಗಿಲು ಹಾಕಿ, ಅಡುಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಸಾಲಾಗಿ ಐದು ಪಾತ್ರೆ. ಯಾವುದರಲ್ಲೂ ಮೊಸರಿಲ್ಲ.

“ತಂಗೀ, ನಾ ಎಂಥಾ ಮನುಷ್ಯಾ? ನಲವತ್ತು ವರ್ಷ ನನ್ನ ಕೂಡ ಬಾಳಿದಾಕಿ ಹೋಗಿ ಎರಡು ವಾರ ಆತು. ಹಾಲು ಮಸರಾಗವಲ್ದು. ಅಂದ್ರ ಒಳಗ ಎಲ್ಲೋ ನಂಗ ಸುಖ ಆಗೇದ. ನಂಗ ಗೊತ್ತಿಲ್ಲದ ಆಗೇದ.”

ಹೇಳಿ ಅವರು ಒಲೆಯ ಪಕ್ಕದ ನೆಲದ ಮೇಲೆ ಕುಳಿತುಬಿಟ್ಟರು. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ, ಸಣ್ಣ ಮಗುವಿನಂತೆ ಮುಖ ಮುಚ್ಚಿಕೊಂಡಿದ್ದರು. ನನಗೆ ಕರುಳು ಕಿತ್ತು ಬಂತು. ಆದರೂ ನನ್ನ ಮೂಗಿಗೆ ಏನೋ ವಾಸನೆ ಬಡಿಯಿತು. ಒಂದು ಪಾತ್ರೆಯನ್ನು ಎತ್ತಿ ನೋಡಿದೆ. ನೀರು ನೀರು, ತಳದಲ್ಲಿ ಒಡೆದ ಚೂರು. ಹೆಪ್ಪು ಹೇಗೆ ಹಾಕುತ್ತೀರಿ ಎಂದು ಕೇಳಿದೆ. ಒಲೆಯ ಮೇಲೆ ಹಾಲು ಉಕ್ಕುತ್ತದಲ್ಲ, ಆಗ ಒಂದು ಚಮಚ ಹಾಕಿ ಇಳಿಸುತ್ತೇನೆ ಎಂದರು. ಹೆಂಡತಿ ಏನು ಮಾಡುತ್ತಿದ್ದರೆಂದು ಅವರು ಯಾವತ್ತೂ ಅಡುಗೆಮನೆಗೆ ಬಂದು ನೋಡಿದವರಲ್ಲ. ಕುದಿಯುವ ಹಾಲಿಗೆ ಹೆಪ್ಪು ಬಿದ್ದರೆ ಯಾರ ಮನೆಯಲ್ಲೂ ಮೊಸರಾಗುವುದಿಲ್ಲ, ಸುಖಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮೂರಲ್ಲಲ್ಲದೆ ಬೇರೆ ಕಡೆಯಾಗಿದ್ದರೆ ಯಾರಾದರೂ ಮೊದಲ ದಿನವೇ ಹೇಳಿಬಿಡುತ್ತಿದ್ದರು. ಇಲ್ಲಿ ಈ ಮನುಷ್ಯ ಐದು ದಿನ ತನ್ನನ್ನು ತಾನೇ ಶಪಿಸಿಕೊಂಡು ಕುಳಿತಿದ್ದರು.

ಅಂದಿನ ಹಾಲು ಇನ್ನೂ ಒಲೆಯ ಮೇಲಿತ್ತು. ಇಳಿಸಿ, ಅಗಲ ಪಾತ್ರೆಗೆ ಹಾಕಿ ಆರಿಸಿದೆ. ಅವರ ಕಿರುಬೆರಳನ್ನು ಹಿಡಿದು ಹಾಲಿಗೆ ಅದ್ದಿಸಿದೆ. ಬೆರಳು ಹತ್ತು ಎಣಿಸುವವರೆಗೆ ತಡೆದುಕೊಳ್ಳಬೇಕು, ಹಿತವೆನಿಸಬೇಕು, ಆಗ ಹಾಕಬೇಕು ಎಂದೆ. ಅವರು ಗಟ್ಟಿಯಾಗಿ ಎಣಿಸಿದರು. ಆದರೆ ಹಾಕಲು ಅವರಲ್ಲಿ ಒಳ್ಳೆಯ ಹೆಪ್ಪು ಉಳಿದಿರಲಿಲ್ಲ, ಎಲ್ಲಾ ಬೆಂದುಹೋಗಿತ್ತು. ಎಲ್ಲಿಂದಾದರೂ ತಂದುಕೊಡುತ್ತೇನೆ, ಅಲ್ಲಿಯತನಕ ಹಾಲು ಬೆಚ್ಚಗೇ ಇರಲಿ ಎಂದೆ. ಹೇಳುವಾಗಲೇ ನನ್ನೊಳಗೆ ಇನ್ನೊಂದು ಹುಳ ಹೊಕ್ಕಿತು. ನಮ್ಮದೂ ಹೀಗೇ ಏನಾದರೂ ಇರಬಹುದೇ? ಗಡಿಗೆ ಸರಿಯಾಗಿ ತೊಳೆದಿರಲಿಲ್ಲವೋ, ಹಾಲಿನವಳು ಏನಾದರೂ ಬೆರೆಸಿದಳೋ? ಇಷ್ಟೆಲ್ಲ ನಾಚಿಕೆ, ಭಯ ಬರೀ ಒಂದು ಕೊಳೆ ಗಡಿಗೆಗೋ? ಹಾಗಿದ್ದರೆ ಒಳ್ಳೆಯದೇ, ಯಾರೂ ಎಲ್ಲಿಗೂ ಹೋಗಬೇಕಿಲ್ಲ ಎಂದುಕೊಂಡೆ. ಆ ಮಾತಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಆ ಸುಖ ಸುಳ್ಳಾಗದಿರಲಿ ಎಂದು ನಾನು ಬೇಡುತ್ತಿದ್ದೆ.

ಅಷ್ಟರಲ್ಲಿ ಮಾಸ್ತರರ ಕಣ್ಣು ನನ್ನ ಬಟ್ಟಲಿನ ಮೇಲೆ ಬಿತ್ತು. ನೆನಪಾಗಿ, ಎದ್ದು ಒಂದು ಲೋಟ ನೀರು ತಂದು ಕೊಟ್ಟರು. ದುಃಖದ ಮನೆಯವರು ಕೇಳಲೇಬೇಕಾದದ್ದನ್ನು ಕೇಳಿದರು.

“ಯಾರ ಸುಖ, ತಂಗೀ?”

ನೀರು ಕುಡಿದೆ. ಲೋಟ ಕೆಳಗಿಟ್ಟೆ. ಸುಳ್ಳು ಹೇಳಿದರೂ ಅವರು ನಂಬುತ್ತಿದ್ದರು.

“ಗೊತ್ತಿಲ್ರಿ ಮಾಸ್ತರ್ರ. ನಾ ಒಬ್ಬಾಕಿ ಇದ್ರ ಮಸರು ಆಗ್ತದ. ಆಕಿ ಒಬ್ಬಾಕಿ ಇದ್ರೂ ಆಗ್ತದ. ಇಬ್ರೂ ಕೂಡಿದ್ರ ಆಗವಲ್ದು.”

ಲೆಕ್ಕದ ಮಾಸ್ತರರಲ್ಲವೇ, ಏನಾದರೂ ಬಿಡಿಸಿ ಹೇಳುತ್ತಾರೆ ಎಂದು ಕಾದೆ. ಅವರು ತಮ್ಮ ಹೆಂಡತಿ ಬದುಕಿದ್ದಾಗ ಮನೆಯಲ್ಲಿ ವರ್ಷಕ್ಕೆ ಎಷ್ಟು ದಿನ ಮೊಸರಾಗುತ್ತಿತ್ತು, ಎಷ್ಟು ದಿನ ಆಗುತ್ತಿರಲಿಲ್ಲ ಎಂಬುದು ತಮಗೆ ತಿಳಿದೇ ಇಲ್ಲ, ತಾಟಿಗೆ ಬಿದ್ದದ್ದನ್ನು ಉಂಡೆ ಅಷ್ಟೇ ಎಂದರು.

ಖಾಲಿ ಬಟ್ಟಲು ಹಿಡಿದು ಮನೆಗೆ ಬರುವಾಗ ಹೊತ್ತು ನೆತ್ತಿ ದಾಟಿತ್ತು. ಪಡಸಾಲೆಯಲ್ಲಿ ಕಸ್ತೂರಿಯ ಟ್ರಂಕು ಕಟ್ಟಿ ನಿಂತಿತ್ತು. ಅದೇ ಟಾಂಗಾದಲ್ಲಿ ಬಂದ ಟ್ರಂಕು. ಅವಳು ಅದರ ಮೇಲೆ ಕುಳಿತು ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ನಾನು ಹೇಳದೆ ಕೇಳದೆ ಹೋದದ್ದು ಅವಳ ಅಣ್ಣನ ಮನೆಗೆ, ಇವಳನ್ನು ಕರೆದುಕೊಂಡು ಹೋಗಿರಿ ಎಂದು ಹೇಳಿಬರುವುದಕ್ಕೆ, ಎಂದು ತಿಳಿದಿದ್ದಳು. ನಾನು ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದೆ. ಮೊಸರಾಗಿತ್ತು. ಬೆಳಗ್ಗೆ ಅದೇ ಕೈ, ಅದೇ ಗಡಿಗೆ, ಅದೇ ಹೆಪ್ಪು. ಬೆರಳಿಟ್ಟರೆ ಗುಳಿ ಬೀಳುವಷ್ಟು ಗಟ್ಟಿಯಾಗಿ ಆಗಿತ್ತು. ಕೊಳೆ ಗಡಿಗೆಯ ಮಾತು ಅಲ್ಲಿಗೆ ಮುಗಿಯಿತು.

ಹೊರಗೆ ಬಂದು ಅವಳ ಮುಂದೆ ನಿಂತೆ. ಹೇಳಬೇಕಾದದ್ದು ನನಗೆ ಈಗಲೂ ನೆಟ್ಟಗೆ ಹೇಳಲು ಬರಲಿಲ್ಲ.

“ಏಳು ಮ್ಯಾಲ. ನೀ ಹೋದ್ರ ನಾ ಯಾರ ಮ್ಯಾಲ ಸಿಟ್ಟು ಮಾಡ್ಲಿ? ಮಾಸ್ತರ್ರ ಮುಂದ ಎಲ್ಲಾ ಹೇಳಿ ಬಂದೀನಿ. ನಾಳೆ ಊರಿಗೆಲ್ಲ ಗೊತ್ತಾಗ್ತದ. ಇನ್ನ ಯಾರ ಮರ್ಯಾದಿ ಉಳಸಾಕ ಹೋಗ್ತಿ?”

ಅವಳು ಏನು ಹೇಳಿದಿರಿ ಎಂದಳು. ಹೇಳಿದೆ. ಅವಳಿಗೆ ಅಳು ಮತ್ತೆ ಬಂತು, ನನಗೂ ಬಂತು, ನಾವಿಬ್ಬರೂ ಅಳುವುದು ನೋಡಿದರೆ ನಾಳೆಯ ಮೊಸರಿಗೂ ಕೊರತೆಯಿಲ್ಲ ಎಂದು ನಾನೇ ಬೈದೆ. ಆಮೇಲೆ ಆ ಹಿತ್ತಾಳೆ ಬಟ್ಟಲಿನ ತುಂಬ ಅಂದಿನ ಮೊಸರು ಹಾಕಿಕೊಂಡು ಮಾಸ್ತರರಿಗೆ ಹೆಪ್ಪಿಗೆಂದು ಕೊಟ್ಟು ಬಂದೆ. ಕಸ್ತೂರಿಯ ಎರಡು ತಾಸಿನ ಕಣ್ಣೀರು ಅಷ್ಟಕ್ಕಾದರೂ ಆಯಿತು. ಟ್ರಂಕು ಬಿಚ್ಚಲು ನಾನೇ ನೆರವಾದೆ. ಅದರ ತಳದಲ್ಲಿ ಕವಡೆಯ ಡಬ್ಬಿ ಇತ್ತು. ಕದ್ದುಕೊಂಡು ಹೊರಟಿದ್ದಳು.

ಮರುದಿನ ಬೆಳಗ್ಗೆ ಎಂದಿನಂತೆ ಹೆಪ್ಪು ಹಾಕಿದೆವು. ತಾಸಿಗೊಮ್ಮೆ ಎದ್ದು ನೋಡಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡೆ. ನಾಳೆ ಹೇಗೋ, ನಾಡಿದ್ದು ಹೇಗೋ, ಮುಚ್ಚಳ ಎತ್ತಿದ ಮಾತ್ರಕ್ಕೆ ಅದು ನಿಲ್ಲುತ್ತದೆಯೇ ಹೋಗುತ್ತದೆಯೇ, ನನಗೆ ಯಾವುದೂ ತಿಳಿಯದು. ಹನ್ನೊಂದಕ್ಕೇ ಚೌಕಾಬಾರ ಹಾಸಿ ಕುಳಿತೆವು. ಅವಳು ಕವಡೆ ಹಾಕಿದಳು, ಬೆರಳು ತಗುಲಿಸಿ ಒಂದನ್ನು ಮಗುಚಿದಳು. ನಾನು ಕಂಡೂ ಸುಮ್ಮನಿದ್ದೆ. ಅವಳೇ ನನ್ನ ಮುಖ ನೋಡಿ, ಜಗಳ ಬರಲಿಲ್ಲವಲ್ಲ ಎಂದು ಕಂಗಾಲಾದಳು. ಆಗ ಜಗಳ ತೆಗೆದೆ.

ಆಟ ಅರ್ಧದಲ್ಲಿರುವಾಗ ಬಾಗಿಲಲ್ಲಿ ಮಾಸ್ತರರು ನಿಂತಿದ್ದರು. ದುಃಖದ ಮನೆಯವರು ಬಟ್ಟಲು ಹಿಡಿದು ತಾವೇ ಬೀದಿಗಿಳಿದದ್ದನ್ನು ನಮ್ಮೂರು ಯಾವತ್ತೂ ಕಂಡಿರಲಿಲ್ಲ. ಅವರ ಹಿಂದೆ ರಾಚವ್ವ, ರಾಚವ್ವನ ಹಿಂದೆ ಇನ್ನೂ ನಾಲ್ಕು ಜನ. ಮಾಸ್ತರರು ಎರಡೂ ಕೈಯಲ್ಲಿ ನನ್ನದೇ ಹಿತ್ತಾಳೆ ಬಟ್ಟಲು ಹಿಡಿದಿದ್ದರು. ಅದರಲ್ಲಿ ಗಟ್ಟಿ ಮೊಸರು. ಮೊಸರಾಯಿತು, ಬೆರಳಿಟ್ಟು ಹತ್ತು ಎಣಿಸಿ ಹಾಕಿದೆ, ಆಯಿತು, ನಾನು ಅಂಥ ಮನುಷ್ಯನಲ್ಲ ಎಂದರು. ಅವರ ಕಣ್ಣಿಂದ ನೀರು ಹರಿಯುತ್ತಿತ್ತು, ಮುಖ ಮಾತ್ರ ಅರಳಿತ್ತು. ಇಷ್ಟು ಹಿಗ್ಗಿದ ಮನುಷ್ಯನ ಮನೆಯಲ್ಲಿ ನಾಳೆ ಹಾಲು ಏನು ಮಾಡುತ್ತದೋ ಎಂದು ನನಗೆ ಚಿಂತೆಯಾಯಿತು, ಆದರೆ ಹೇಳಲಿಲ್ಲ. ರಾಚವ್ವ ತಡೆಯಲಾರದೆ, ನಿಮ್ಮ ಗಡಿಗೆಯಲ್ಲಿ ಇವತ್ತು ಏನಾಗಿದೆ ಎಂದು ಕೇಳಿದಳು. ನಾವಿನ್ನೂ ನೋಡಿಲ್ಲ ಎಂದೆ.

ಎಲ್ಲರ ಎದುರಿಗೆ ಬಟ್ಟಲು ತೆಗೆದುಕೊಂಡೆ. ಅವರು ಹೋದ ಮೇಲೆ ತಾಟು ಹಾಕಿದೆ. ಈ ಮನೆಯಲ್ಲಿ ಮೊದಲು ನಮ್ಮವರಿಗೆ, ಆಮೇಲೆ ನನಗೆ, ಉಳಿದರೆ ಅವಳಿಗೆ ಬಡಿಸಿ ರೂಢಿ. ಅವರು ಹೋದ ಮೇಲೂ ಮೊದಲ ಸೌಟು ನನ್ನ ತಾಟಿಗೇ ಬೀಳುತ್ತಿತ್ತು. ಅವತ್ತು ಕೈ ತಾನಾಗಿ ಅತ್ತ ಹೋಯಿತು, ಕಸ್ತೂರಿಯ ಅನ್ನದ ಮೇಲೆ ಮಾಸ್ತರರ ಮೊಸರು ಹಾಕಿದೆ. ಅವಳು ತಾಟನ್ನು ನೋಡಿದಳು, ನನ್ನನ್ನು ನೋಡಿದಳು, ಮೂಲೆಯಲ್ಲಿ ಮುಚ್ಚಿಟ್ಟ ನಮ್ಮ ಗಡಿಗೆಯನ್ನು ನೋಡಿದಳು.

“ಅಕ್ಕಾ, ಮುಚ್ಚಳಾ ತೆಗೀಲೇನ್ರಿ?”

“ಮೊದ್ಲ ಉಣ್ಣು,” ಎಂದೆ. “ಆಮ್ಯಾಲ ನೋಡೂಣು.”